ಹುಟ್ಟಿದ ತೂಕ ಬರೆದಿಟ್ಟ ನರ್ಸಮ್ಮಂದಿರು

ನಮ್ಮಮ್ಮ ಹುಟ್ಟಿದ್ದು 1952ರಲ್ಲಿ, ಮೈಸೂರಿನ ಮಿಷನ್ ಆಸ್ಪತ್ರೇಲಿ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅದು, ಆದ್ರೆ ಊರಲ್ಲಿ ಎಲ್ಲರೂ ಅನ್ನೋದು ಮಿಷನ್ ಆಸ್ಪತ್ರೆ ಅಂತಾನೇ. ಮೊನ್ನೆ ಅಮ್ಮನ್ನ ಹಾರ್ಟ್ ಚೆಕಪ್‌ಗೆ ಕರ್ಕೊಂಡು ಹೋಗಿದ್ದಾಗ ಸುಮ್ನೆ ಕೇಳ್ದೆ, ಅಮ್ಮ ನೀನು ಹುಟ್ಟಿದಾಗ ಎಷ್ಟು ತೂಕ ಇದ್ದೆ ಅಂತ. "ನಂಗೇನ್ ಗೊತ್ತೇ, ಪುಟ್ಟ ಮಗು ಅಂತ ನಮ್ಮಮ್ಮ ಹೇಳೋರು ಅಷ್ಟೆ" ಅಂದ್ಲು.

ಯಾಕೆ ಕೇಳ್ದೆ ಅಂದ್ರೆ, ಆ ಆಸ್ಪತ್ರೇಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆ ಎಲ್ಲಾನೂ ರಿಜಿಸ್ಟರಲ್ಲಿ ಬರೆದಿಟ್ಟಿದ್ರು. ತೂಕ ಪೌಂಡಲ್ಲಿ. ದಶಕಗಳಾದ್ಮೇಲೆ ಸಂಶೋಧಕರು ಆಸ್ಪತ್ರೆ ಸುತ್ತಮುತ್ತ ಮನೆಮನೆಗೆ ಹೋಗಿ, ನೀವು ಇಲ್ಲೇ ಹುಟ್ಟಿದ್ದಾ ಅಂತ ವಿಚಾರಿಸಿ, ಹಳೇ ರಿಜಿಸ್ಟರ್ ಜೊತೆ ತಾಳೆ ನೋಡಿ, 1934ರಿಂದ 1954ರೊಳಗೆ ಹುಟ್ಟಿದ 517 ಜನರನ್ನ ಪರೀಕ್ಷೆ ಮಾಡಿದ್ರು. ಹುಟ್ಟುವಾಗ ಐದೂವರೆ ಪೌಂಡ್ (ಸುಮಾರು ಎರಡೂವರೆ ಕೆಜಿ) ಅಥವಾ ಅದಕ್ಕಿಂತ ಕಮ್ಮಿ ಇದ್ದವರಲ್ಲಿ 11% ಜನಕ್ಕೆ ಹೃದಯದ ಕಾಯಿಲೆ, ಏಳು ಪೌಂಡ್ ದಾಟಿದವರಲ್ಲಿ ಬರೀ 3%. 1996ರಲ್ಲಿ ಇದು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ಹೆರಿಗೆ ವಾರ್ಡಲ್ಲಿ ಅಷ್ಟು ಗಲಾಟೆ ಮಧ್ಯೆ ಒಂದು ಮಗೂನೂ ಬಿಡದೆ ತೂಕ ಹಾಕಿ ಬರೆದ ಆ ನರ್ಸಮ್ಮಂದಿರಿಗೆ ಇದೆಲ್ಲ ಮುಂದೆ ಯಾವತ್ತೋ ಉಪಯೋಗಕ್ಕೆ ಬರುತ್ತೆ ಅಂತ ಗೊತ್ತಿತ್ತಾ? ನೆನೆಸ್ಕೊಂಡ್ರೆ ಕೈಮುಗೀಬೇಕು ಅನ್ಸುತ್ತೆ.

ನಂಗೆ ಇನ್ನೂ ಹತ್ತಿರದ್ದು ಅನ್ನಿಸಿದ್ದು ಎರಡನೇದು, ಪಾರ್ಥೆನಾನ್ ಸ್ಟಡಿ. 1997-98ರಲ್ಲಿ ಅದೇ ಆಸ್ಪತ್ರೆಗೆ ಬರ್ತಿದ್ದ 800ಕ್ಕೂ ಹೆಚ್ಚು ಬಸುರಿಯರನ್ನ ಸೇರಿಸ್ಕೊಂಡು ಶುಗರ್ ಟೆಸ್ಟ್ ಮಾಡಿ, ಆಮೇಲೆ ಹುಟ್ಟಿದ ಮಕ್ಕಳನ್ನ ವರ್ಷಾನುಗಟ್ಲೆ ಬಿಡದೆ ಫಾಲೋ ಮಾಡಿದ್ರು. ಐದು ವರ್ಷದ ಮಗೂನ ಖಾಲಿ ಹೊಟ್ಟೇಲಿ ಕರ್ಕೊಂಡು ಬಂದು, ರಕ್ತ ಕೊಡಿಸಿ, ಗ್ಲೂಕೋಸ್ ನೀರು ಕುಡಿಸಿ, ಮತ್ತೆ ಕೈ ಚಾಚಿಸೋದು ಅಂದ್ರೆ ಏನು ಅಂತ ಅಮ್ಮಂದಿರಿಗೇ ಗೊತ್ತು, ಆದ್ರೂ ಅವ್ರು ಬಂದ್ರು. ಬಸುರೀಲಿ ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೆ ಕೊಬ್ಬಿನಂಶ ಜಾಸ್ತಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೇ ಇರೋದು ಜಾಸ್ತಿ ಅಂತ ಕಂಡುಬಂತು. ಆ ತಾಯಂದಿರಲ್ಲಿ ಶೇಕಡಾ 40ಕ್ಕೂ ಹೆಚ್ಚು ಜನಕ್ಕೆ ವಿಟಮಿನ್ ಬಿ12 ಕಮ್ಮಿ ಇತ್ತಂತೆ, ಅದು ಸಿಗೋದು ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ, ನಮ್ಮನೆ ಅನ್ನ ಸಾರಲ್ಲಿ ಎಲ್ಲಿಂದ ಬರ್ಬೇಕು.

ನಂಗೂ ಬಸುರೀಲಿ ಶುಗರ್ ಬಂದಿತ್ತು. ಹೆರಿಗೆ ಆದ್ಮೇಲೆ ಹೋಗುತ್ತೆ ಅಂದ್ರು, ಹೋಯ್ತು, ನಾನೂ ಮರ್ತೆ. ಮಗಳಿಗೆ ಈಗ ಒಂಬತ್ತು. ಸಣ್ಣಗೇ ಇದಾಳೆ, ಅದಕ್ಕೇ ಯಾರೂ ಯೋಚನೆ ಮಾಡಿಲ್ಲ, ಆದ್ರೆ ನಮ್ಮವರ ಮಕ್ಕಳು ನೋಡೋಕೆ ಸಣ್ಣ ಇದ್ರೂ ಒಳಗೆ ಕೊಬ್ಬು ಇರಬಹುದು ಅನ್ನೋದನ್ನ ಇಂಥ ಸಂಶೋಧನೆಗಳೇ ತೋರಿಸಿರೋದು.

ನಿನ್ನೆ ರಾತ್ರಿ ಬೀರು ಕೆಳಗಿನ ಡ್ರಾಯರ್ ತೆಗೆದು ತಾಯಿ ಕಾರ್ಡ್ ಹುಡುಕ್ದೆ. ಮಡಚಿದ ಜಾಗದಲ್ಲಿ ಹರಿದಿದೆ, ನೀಲಿ ಬಾಲ್ ಪೆನ್ನಲ್ಲಿ 2.6 ಕೆಜಿ ಅಂತ ಬರೆದಿದಾರೆ, ಪಕ್ಕದಲ್ಲಿ ನನ್ನ ಶುಗರ್ ರಿಪೋರ್ಟ್ ಪಿನ್ ಮಾಡಿದೆ. ಫೋಟೋ ತೆಗೆದಿಟ್ಕೊಂಡೆ. ಶನಿವಾರ ಮಕ್ಕಳ ಡಾಕ್ಟ್ರ ಹತ್ರ ಅಪಾಯಿಂಟ್‌ಮೆಂಟ್ ಸಿಕ್ಕಿದೆ, ಎರಡನ್ನೂ ತಗೊಂಡು ಹೋಗ್ತೀನಿ.