ಮಳೆಗಾಲದಲ್ಲಿ ಗಾಳಿಕೆರೆ, ಮಾಣಿಕ್ಯಧಾರಾ: ಹೋಗಬೇಕೆಂದಿರುವವರಿಗೆ ಕೆಲವು ಮಾತು

ಕಳೆದ ಆಷಾಢದಲ್ಲಿ ನಾನು ಮತ್ತು ನನ್ನ ತಂಗಿಯ ಮಗ ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್‌ಗಿರಿಗೆ ಹೋಗಿದ್ದೆವು. ಬೆಟ್ಟದ ಮೇಲಿನಿಂದ ಗಾಳಿಕೆರೆಗೆ ನಡೆದು, ಮರಳಿ ಬಂದು ಮಾಣಿಕ್ಯಧಾರೆ ಜಲಪಾತಕ್ಕೆ ಇಳಿಯಬೇಕೆಂಬುದು ನಮ್ಮ ಆಸೆ. ಅದೇ ಆಸೆಯಲ್ಲಿರುವವರಿಗೆ ಮೊದಲು ಹೇಳಬೇಕಾದದ್ದು ತಂಗುವ ಕೋಣೆಯ ವಿಷಯ, ಏಕೆಂದರೆ ನಾವು ಮೋಸಹೋದದ್ದು ಅಲ್ಲಿಯೇ.

ಬೆಟ್ಟದ ದಾರಿಯಲ್ಲಿರುವ ಒಂದು ಹೋಂಸ್ಟೇಗೆ ಫೋನು ಮಾಡಿದಾಗ, ಮಳೆಗಾಲದಲ್ಲಿ ಜನ ಕಡಿಮೆ, ದರವೂ ಕಡಿಮೆ, ಎಲ್ಲವೂ ಸೇರಿ ಇಬ್ಬರಿಗೆ ನಾಲ್ಕು ಸಾವಿರ ಎಂದು ಹೇಳಿದ್ದರು. ಸಂಜೆ ನೆನೆದುಕೊಂಡು ಅಲ್ಲಿಗೆ ತಲುಪಿದಾಗ ಕರೆಂಟು ಹೋಗಿ ಎರಡು ದಿನವಾಗಿತ್ತು. ಮಲೆನಾಡಿನಲ್ಲಿ ಜೋರು ಗಾಳಿಮಳೆಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಹೀಗಾಗುವುದು ಸಹಜ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಗೀಸರ್ ಬಿಟ್ಟರೆ ನೀರು ಕಾಯಿಸಲು ಅಲ್ಲಿ ಬೇರೆ ವ್ಯವಸ್ಥೆಯೇ ಇರಲಿಲ್ಲ. ಗೋಡೆ ಬೂಷ್ಟು ಹಿಡಿದಿತ್ತು, ಹೊದಿಕೆಯನ್ನು ಮುಟ್ಟಿದರೆ ಹಿಂಡಿ ಒಣಗಲು ಹಾಕದೆ ಬಿಟ್ಟ ಬಟ್ಟೆಯಂತೆ ತಣ್ಣಗಿತ್ತು. ಮರುದಿನ ಬೆಳಿಗ್ಗೆ ಕೈಗೆ ಬಂದ ಚೀಟಿಯಲ್ಲಿ ರಾತ್ರಿಯ ಊಟ, ಒಲೆಯ ಮೇಲೆ ಕಾಯಿಸಿಕೊಟ್ಟ ಎರಡು ಬಕೆಟ್ ನೀರು, ಹೊತ್ತಿಕೊಳ್ಳದ ಹಸಿ ಸೌದೆ, ಇವೆಲ್ಲಕ್ಕೂ ಬೇರೆಬೇರೆ ಲೆಕ್ಕ ಬರೆದು ಮೊತ್ತವನ್ನು ಆರು ಸಾವಿರದ ಮುನ್ನೂರಕ್ಕೆ ಏರಿಸಿದ್ದರು. ವಾದ ಮಾಡಿದೆವು, ಪ್ರಯೋಜನವಾಗಲಿಲ್ಲ.

ಆದ್ದರಿಂದ ಬೆಟ್ಟದ ಮೇಲೆಯೇ ತಂಗಬೇಕು ಎನ್ನುವವರು ಮುಂಗಡ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿರಿ: ಬಚ್ಚಲಿನಲ್ಲಿ ಸೌದೆ ಒಲೆಯ ಹಂಡೆ ಇದೆಯೇ, ಒದ್ದೆ ಬಟ್ಟೆ ಒಣಗಿಸಲು ಬೆಂಕಿಯ ಜಾಗವಿದೆಯೇ, ಹೇಳಿದ ದರದಲ್ಲಿ ಏನೇನು ಸೇರಿದೆ. ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿರಿ. ನನ್ನನ್ನು ಕೇಳಿದರೆ ಚಿಕ್ಕಮಗಳೂರು ಪೇಟೆಯಲ್ಲಿ ಫ್ಯಾನು ತಿರುಗುವ ಸಾಧಾರಣ ಲಾಡ್ಜೇ ಉತ್ತಮ. ಬೆಟ್ಟ ಅಲ್ಲಿಂದ ಸುಮಾರು 30 ಕಿ.ಮೀ. ಅಷ್ಟೆ. ಮಳೆಗಾಲದ ನಡಿಗೆಯಲ್ಲಿ ಕಿಟಕಿಯಾಚೆಯ ನೋಟಕ್ಕಿಂತ ಮರುದಿನಕ್ಕೆ ಒಣಗಿದ ಕಾಲುಚೀಲವೇ ಹೆಚ್ಚು ಮುಖ್ಯ. ಎರಡನೆಯ ರಾತ್ರಿಯಿಂದ ನಾವು ಪೇಟೆಯಲ್ಲಿಯೇ ಇದ್ದೆವು.

ಶನಿವಾರ, ಭಾನುವಾರ ಹೋಗಲೇಬೇಡಿರಿ. ರಾಜ್ಯದ ಅತಿ ಎತ್ತರದ ಶಿಖರವಾದ 1,930 ಮೀಟರಿನ ಮುಳ್ಳಯ್ಯನಗಿರಿಗೂ ಬಾಬಾಬುಡನ್‌ಗಿರಿಗೂ ಕೈಮರ ಚೆಕ್‌ಪೋಸ್ಟಿನ ಕಡೆಯಿಂದ ಹತ್ತುವ ದಾರಿ ಒಂದೇ ಆದ್ದರಿಂದ, ವಾರದ ಕೊನೆಯಲ್ಲಿ ಆ ಕಿರಿದಾದ ತಿರುವುಗಳಲ್ಲಿ ಕಾರುಗಳ ಸಾಲು ನಿಂತುಬಿಡುತ್ತದೆ. ಈ ದಟ್ಟಣೆಯ ಕಾರಣಕ್ಕಾಗಿಯೇ ಸ್ವಂತ ವಾಹನದವರು ಮೊದಲೇ ಆನ್‌ಲೈನಿನಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂದಿದೆ. ಇಷ್ಟು ದೂರ ಬಂದು ಹಾರ್ನ್ ಕೇಳುವುದು ನನ್ನಿಂದಾಗದು, ನಾನು ಗದ್ದಲವನ್ನು ತಡೆದುಕೊಳ್ಳುವವನಲ್ಲ. ಮಂಗಳವಾರ, ಬುಧವಾರ ಬೆಟ್ಟ ಖಾಲಿ ಇರುತ್ತದೆ. ಮಳೆ ವಿಪರೀತವಾಗಿ ಗುಡ್ಡ ಕುಸಿಯುವ ಭಯವಿದ್ದಾಗ ಜಿಲ್ಲಾಡಳಿತ ಗಿರಿಶ್ರೇಣಿಗೆ ಪ್ರವೇಶವನ್ನೇ ನಿಲ್ಲಿಸುವುದುಂಟು, ಆದ್ದರಿಂದ ಊರು ಬಿಡುವ ಮುನ್ನ ಆ ದಿನದ ಆದೇಶವನ್ನು ತಿಳಿದುಕೊಳ್ಳಿರಿ, ಕಾಲುದಾರಿ ತೆರೆದಿದೆಯೇ ಎಂದು ಅರಣ್ಯ ಇಲಾಖೆಯವರನ್ನೂ ವಿಚಾರಿಸಿರಿ. ಬಸ್ಸಿನಲ್ಲಿ ಹೋಗುವವರು ಇಳಿಯುವಾಗಲೇ ಕಂಡಕ್ಟರನ್ನು ಕೇಳಿ ಕೊನೆಯ ಬಸ್ಸಿನ ಹೊತ್ತನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಗಾಳಿಕೆರೆಗೆ ದೂರ ಹೆಚ್ಚೇನಿಲ್ಲ, ಒಣ ದಿನಗಳಲ್ಲಿ ಮಕ್ಕಳೂ ನಡೆದುಬಿಡುವಷ್ಟು. ಮಳೆಯಲ್ಲಿ ಕಷ್ಟ ಕೊಡುವುದು ದೂರವಲ್ಲ, ಮಂಜು ಮತ್ತು ಗಾಳಿ. ಹುಲ್ಲಿನ ಇಳಿಜಾರಿನಲ್ಲಿ ಹತ್ತು ಹೆಜ್ಜೆಯಾಚೆ ಏನೂ ಕಾಣುತ್ತಿರಲಿಲ್ಲ. ಕೊಡೆ ಬಿಚ್ಚಿದ ಕ್ಷಣವೇ ಮಗುಚಿಕೊಂಡು ಕಡ್ಡಿ ಮುರಿಯಿತು. ಮೊಣಕಾಲಿನ ಕೆಳಗಿನವರೆಗೆ ಬರುವ ರೈನ್‌ಕೋಟು ಮತ್ತು ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಶೂ ಇಲ್ಲದೆ ಇಲ್ಲಿ ಕಾಲಿಡಬಾರದು. ಮೇಯುವ ದನಗಳು ಮಾಡಿದ ದಾರಿ ಅಲ್ಲಲ್ಲಿ ಕವಲೊಡೆದು, ನಡೆಯುವವರ ದಾರಿಯಂತೆಯೇ ಕಾಣುತ್ತದೆ. ನಾವೂ ಒಮ್ಮೆ ಅದನ್ನು ಹಿಡಿದು ಕಣಿವೆಯ ದಟ್ಟ ಶೋಲಾ ಕಾಡಿನ ಅಂಚಿಗೆ ಬಂದು ನಿಂತಿದ್ದೆವು. ಅಲ್ಲಿಂದ ಮುಂದೆ ಹೋಗದೆ, ಬಂದ ಹೆಜ್ಜೆಯ ಗುರುತಿನಲ್ಲಿಯೇ ಹಿಂದಿರುಗಿದ್ದು ಸರಿಯಾಯಿತು. ಮಧ್ಯಾಹ್ನ ಎರಡು ಗಂಟೆಗೆ, ಕೆರೆ ಸಿಗಲಿ ಸಿಗದಿರಲಿ, ವಾಪಸು ತಿರುಗುತ್ತೇವೆಂದು ಮೊದಲೇ ನಿಶ್ಚಯಿಸಿಕೊಂಡು ಹೊರಡಿರಿ.

ಇಂಬಳಗಳ, ಅಂದರೆ ನೆಲದ ಜಿಗಣೆಗಳ, ಬಗ್ಗೆಯೂ ಹೇಳಬೇಕು. ಹುಲ್ಲಿನ ತುದಿಯಲ್ಲಿ ದಾರದ ತುಂಡಿನಂತೆ ನೆಟ್ಟಗೆ ನಿಂತು, ಅತ್ತಿತ್ತ ತೂಗಿ, ಶೂ ತಗುಲಿದೊಡನೆ ಬಿಲ್ಲಿನಂತೆ ಬಾಗಿ ಬಾಗಿ ಮೇಲೇರುತ್ತವೆ. ಮಾರುಕಟ್ಟೆಯಲ್ಲಿ ಕೊಂಡ ಸ್ಪ್ರೇ ಮಳೆಗೆ ತೊಳೆದುಹೋಯಿತು. ದಾರಿಯಲ್ಲಿ ಸಿಕ್ಕ ತೋಟದ ಆಳೊಬ್ಬರ ಕೈಯಲ್ಲಿ ಒಂದು ಕೋಲು ಇತ್ತು, ಅದರ ತುದಿಗೆ ಹಳೆಯ ಬಟ್ಟೆಯಲ್ಲಿ ಉಪ್ಪು ಮತ್ತು ಹೊಗೆಸೊಪ್ಪಿನ ಪುಡಿ ಸೇರಿಸಿ ಕಟ್ಟಿದ್ದರು. ಆ ಒದ್ದೆ ಗಂಟನ್ನು ಇಂಬಳಕ್ಕೆ ಸುಮ್ಮನೆ ಸೋಕಿಸಿದರೆ ಸಾಕು, ಮುದುಡಿ ಕಳಚಿ ಬೀಳುತ್ತದೆ. ಕಿತ್ತರೆ ಗಾಯ ದೊಡ್ಡದಾಗುತ್ತದೆ, ಕೀಳಬೇಡಿ ಎಂದು ಅವರು ನನ್ನ ಅಳಿಯನಿಗೆ ಎರಡು ಸಲ ಹೇಳಿದರು. ಕೆಲವು ರೂಪಾಯಿಯ ಖರ್ಚು, ಇಡೀ ದಿನದ ನೆಮ್ಮದಿ.

ಕೆರೆಯ ದಂಡೆಗೆ ಬಂದಾಗಲೂ ಕೆರೆ ಕಾಣಲಿಲ್ಲ. “ಮಾವ, ಇಲ್ಲಿ ನಿಜವಾಗಿಯೂ ನೀರಿದೆಯಾ?” ಎಂದು ಅವನು ಕೇಳಿದ. ಕಾಲಿನ ಬಳಿ ಸಣ್ಣ ಅಲೆ ಬಂದು ಹುಲ್ಲಿಗೆ ತಾಗುವ ಸದ್ದಷ್ಟೇ ಇತ್ತು. ನಲವತ್ತು ನಿಮಿಷ ನಿಂತೆವು. ಆಮೇಲೆ ಕಣಿವೆಯ ಕಡೆಯಿಂದ ಒಂದೇ ಬೀಸಿಗೆ ಗಾಳಿ ನುಗ್ಗಿ, ಮಂಜು ಚಾಪೆ ಸುತ್ತಿದಂತೆ ಮೇಲೆದ್ದು, ಬೂದುಬಣ್ಣದ ನೀರು, ಅದರ ಸುತ್ತ ತೊಯ್ದ ಹಸಿರು ಬೋರೆ, ಆಚೆ ದಡದಲ್ಲಿ ಅಲುಗದೆ ನಿಂತ ಎರಡು ಎಮ್ಮೆ ಎಲ್ಲವೂ ಒಟ್ಟಿಗೆ ಕಂಡವು. ನಾಲ್ಕೈದು ನಿಮಿಷದಲ್ಲಿ ಮತ್ತೆ ಮುಚ್ಚಿತು. ಈ ಕೆರೆಗೆ ಗಾಳಿಯ ಹೆಸರು ಏಕೆ ಬಂದಿತೆಂದು ಅಲ್ಲಿ ನಿಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಫೋಟೋಗಳನ್ನು ನೋಡಿ ದೊಡ್ಡ ಸರೋವರವನ್ನು ನಿರೀಕ್ಷಿಸಿ ಹೋಗುವವರಿಗೆ ನಿರಾಸೆಯಾದೀತು; ನಮ್ಮೂರ ಕೆರೆಗಿಂತ ಇದು ಚಿಕ್ಕದು. ಅಂಚಿನ ಕೆಸರಿನಲ್ಲಿ ಕಾಲು ಹೂತುಹೋಗುತ್ತದೆ, ನೀರಿಗೆ ಇಳಿಯಬಾರದು.

ಮಾಣಿಕ್ಯಧಾರೆಯು ಬೆಟ್ಟದ ಮೇಲಿರುವ ಬಾಬಾಬುಡನ್ ದರ್ಗಾದಿಂದ ಸುಮಾರು 3 ಕಿ.ಮೀ. ಆಚೆಗಿದೆ, ಕೊನೆಗೆ ಮೆಟ್ಟಿಲಿಳಿಯಬೇಕು. ಬೇಸಿಗೆಯಲ್ಲಿ ಮಣಿಮಣಿಯಾಗಿ ಉದುರುವ ನೀರು ಈಗ ಬಂಡೆಯ ತುಂಬ ಸುರಿಯುತ್ತಿತ್ತು. ಪಾಚಿ ಕಟ್ಟಿದ ಮೆಟ್ಟಿಲುಗಳನ್ನು ಕಂಬಿ ಹಿಡಿದೇ ಇಳಿಯಿರಿ. ಇಲ್ಲಿ ಮಿಂದವರು ಉಟ್ಟ ಬಟ್ಟೆಯೊಂದನ್ನು ಬಿಟ್ಟುಹೋಗುವ ರೂಢಿಯಿದೆ. ನೀರಿನ ಬುಡದಲ್ಲಿಯೂ ಗಿಡಗಳ ಮೇಲೆಯೂ ಕೊಳೆಯುತ್ತಿದ್ದ ಬಟ್ಟೆಗಳನ್ನು ಕಂಡು ಮನಸ್ಸಿಗೆ ಬಹಳ ನೋವಾಯಿತು. ಆ ನೀರು ಕೆಳಗಿನ ತೋಟಗಳಿಗೂ ಊರುಗಳಿಗೂ ಹರಿದುಹೋಗುತ್ತದೆ. ನಿಮ್ಮ ಬಟ್ಟೆಯನ್ನು ದಯವಿಟ್ಟು ನಿಮ್ಮ ಚೀಲದಲ್ಲಿಯೇ ತನ್ನಿರಿ.

ಇನ್ನು ಊಟದ ವಿಷಯ. ಬೆಟ್ಟದ ದಾರಿಯಲ್ಲಿ ಸಿಗುವ ಅತ್ತಿಗುಂಡಿ ಹಳ್ಳಿಯ ಹತ್ತಿರ ರಸ್ತೆಬದಿಯಲ್ಲಿ ತಗಡಿನ ಮಾಡಿನ ಒಂದು ಪುಟ್ಟ ಅಂಗಡಿಯಿದೆ, ಬೋರ್ಡಿಲ್ಲ, ಎರಡೇ ಬೆಂಚು. ಅಲ್ಲಿ ತಿಂದ ಅಕ್ಕಿ ಕಡುಬು ಮತ್ತು ಕಳಲೆ ಸಾರಿಗಾಗಿಯೇ ನಾನು ಮತ್ತೆ ಆ ಬೆಟ್ಟಕ್ಕೆ ಹೋದೇನು. ಕಳಲೆ ಸಿಗುವುದು ಮಳೆಗಾಲದ ಈ ಕೆಲವು ವಾರಗಳಲ್ಲಿ ಮಾತ್ರ. ಎಳೆ ಬಿದಿರನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸಿಡದಿದ್ದರೆ ಅದು ತಿನ್ನಲು ಯೋಗ್ಯವಾಗದು ಎಂದು ಅಂಗಡಿಯ ಅಮ್ಮ, ಮೂಲೆಯಲ್ಲಿದ್ದ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ಕಡುಬನ್ನು ಮುರಿದರೆ ಹಬೆ ಏಳುತ್ತಿತ್ತು. ಹುರುಳಿಕಾಳು ಸೇರಿದ ಸಾರಿನಲ್ಲಿ ಕಳಲೆಯ ತುಂಡುಗಳು ಹಲ್ಲಿಗೆ ಕರುಕ್ಕೆನ್ನುವಷ್ಟೇ ಬೆಂದಿದ್ದವು. “ಆರೋಕೆ ಬಿಡಬೇಡಿ, ಇನ್ನೊಂದು ಹಾಕ್ತೀನಿ ತಿನ್ನಿ” ಎನ್ನುತ್ತ ಕೇಳದೆಯೇ ಬಡಿಸಿದರು; ಮೇಲೊಂದು ಲೋಟ ಬೆಲ್ಲದ ಕಾಫಿ. ನಮ್ಮ ಒದ್ದೆ ಟೋಪಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರಡಲು ತಾವೇ ಹೇಳಿದರು. ಇಬ್ಬರಿಗೂ ಸೇರಿ ನೂರಮೂವತ್ತು ರೂಪಾಯಿ. ಹೆಚ್ಚಿಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಮೂರು ಬೆಳಿಗ್ಗೆಯೂ ಅಲ್ಲಿಯೇ ತಿಂದೆವು. ಮೂರನೆಯ ದಿನ ತಲುಪುವಷ್ಟರಲ್ಲಿ ಹತ್ತೂವರೆಯಾಗಿ ಕಡುಬು ಮುಗಿದಿತ್ತು, ಅಕ್ಕಿರೊಟ್ಟಿ ತಟ್ಟಿಕೊಟ್ಟರು. ಕಡುಬು ಬೇಕಾದವರು ಒಂಬತ್ತರೊಳಗೆ ಹೋಗಿರಿ.