ಅವಾಚ್ಯ ಅಂದ್ರೆ ಏನಮ್ಮಾ?

ಎಪಿಪಿ, ಅಂದರೆ ಸಹಾಯಕ ಸರ್ಕಾರಿ ಅಭಿಯೋಜಕರ ಆಫೀಸಿನಲ್ಲಿ ನನ್ನ ಇಂಟರ್ನ್‌ಶಿಪ್‌ನ ಮೂರನೇ ವಾರ ಅದು. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕೋರ್ಟು. ನಾನಾಗ ನಾಲ್ಕನೇ ವರ್ಷದ ಎಲ್‌ಎಲ್‌ಬಿ. ಐದು ವರ್ಷದ ಕೋರ್ಸಿಗೆ ಒಟ್ಟು 20 ವಾರ ಇಂಟರ್ನ್‌ಶಿಪ್ ಆಗಬೇಕು, ಒಂದೇ ಸಲಕ್ಕೆ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಗೆಳತಿಯರೆಲ್ಲ ಬೆಂಗಳೂರಿನ ದೊಡ್ಡ ಆಫೀಸುಗಳಿಗೆ ಹೋದರು. ನಾನು ಹಟ ಹಿಡಿದು ಸರ್ಕಾರದ ಪರ ಕೇಸು ನಡೆಸುವ ಕಡೆಗೆ ಬಂದೆ. ಟ್ರಯಲ್ ಹೇಗೆ ನಡೆಯುತ್ತೆ ಅಂತ ಹತ್ತಿರದಿಂದ ನೋಡುವ ಆಸೆ ಇತ್ತು.

ಬೆಳಿಗ್ಗೆ ಒಂಬತ್ತೂವರೆಗೆ ಆ ದಿನದ ಕೇಸುಗಳ ಕಾಸ್ ಲಿಸ್ಟ್ ನೋಡಿ ಪೊಲೀಸರ ಕೇಸ್ ಡೈರಿ (ಸಿ.ಡಿ.) ಫೈಲುಗಳನ್ನು ತೆಗೆದಿಡುವುದು, ಯಾವ ಸಾಕ್ಷಿಗೆ ಸಮನ್ಸ್ ಜಾರಿ ಆಗಿದೆ ಅಂತ ಕೋರ್ಟ್ ಕೆಲಸದ ಪೊಲೀಸ್ ಪೇದೆ ಹತ್ತಿರ ಕೇಳಿ ಬರೆದುಕೊಳ್ಳುವುದು, ಡಾಕ್ಟರು ಕೊಟ್ಟ ಗಾಯದ ಸರ್ಟಿಫಿಕೇಟಿಗೆ ಟ್ಯಾಗ್ ಹಾಕುವುದು, ಇದು ನನ್ನ ಕೆಲಸ. ಐಪಿಸಿ ಜಾಗಕ್ಕೆ ಹೊಸ ಕಾನೂನು, ಭಾರತೀಯ ನ್ಯಾಯ ಸಂಹಿತೆ, ಬಂದಿದ್ದರಿಂದ ಮೇಜಿನ ಗಾಜಿನ ಕೆಳಗೆ ಕಲಂಗಳ ಒಂದು ಪಟ್ಟಿಯನ್ನೂ ಬರೆದಿಟ್ಟಿದ್ದೆ: 323 ಈಗ 115(2), 324 ಈಗ 118(1), 504 ಈಗ 352. ಆದರೆ ಟ್ರಯಲ್‌ಗೆ ಬರುತ್ತಿದ್ದವು ಬಹುಪಾಲು ಅದು ಜಾರಿಗೆ ಬಂದ 2024ರ ಜುಲೈ 1ಕ್ಕೆ ಮುಂಚಿನ ಕೇಸುಗಳು. ಅವಕ್ಕೆ ಹಳೇ ಐಪಿಸಿಯೇ.

ಆವತ್ತಿನದೂ ಅಂಥದ್ದೇ. 2021ರ ಕೇಸು. 323, 324, 504, 506 ಸಹವಾಚಕ 34, ಅಂದರೆ ಸೇರಿಕೊಂಡು ಹೊಡೆದು, ಬೈದು, ಬೆದರಿಸಿದ ಆರೋಪ. ಹೊಲದ ಬದುವಿನ ಜಗಳ. ಸಿ.ಡಬ್ಲ್ಯು.1, ಅಂದರೆ ಚಾರ್ಜ್‌ಶೀಟಿನ ಮೊದಲ ಸಾಕ್ಷಿಯಾದ ದೂರುದಾರ, ಊರಲ್ಲಿ ರಾಜಿಯಾಗಿ ಹೋಗಿ ಹಿಂದಿನ ವಾಯಿದೆಯಲ್ಲೇ ಹಾಸ್ಟೈಲ್ ಆಗಿ ತಿರುಗಿಬಿದ್ದಿದ್ದ. ಮಹಜರಿನ ಪಂಚರಿಬ್ಬರೂ "ಠಾಣೆಯಲ್ಲಿ ಸಹಿ ಮಾಡಿದ್ದು" ಅಂದುಬಿಟ್ಟಿದ್ದರು. ಉಳಿದದ್ದು ಪೆಟ್ಟು ತಿಂದ ಸಿ.ಡಬ್ಲ್ಯು.2. ಎಪ್ಪತ್ತರ ಹತ್ತಿರದ ಅಜ್ಜಿ. ಅದಕ್ಕೆ ಮುಂಚೆ ಮೂರು ಸಲ ಬಂದು, ಒಮ್ಮೆ ಆರೋಪಿ ಗೈರು, ಒಮ್ಮೆ ವಕೀಲರ ಕಾಲಾವಕಾಶ, ಒಮ್ಮೆ ಹೊತ್ತಾಯ್ತು ಅಂತ ವಾಪಸ್ ಹೋಗಿದ್ದರು.

ಎಪಿಪಿ ಮೇಡಂ ಒಳಗೆ ಬೇರೆ ಕೇಸಿನಲ್ಲಿದ್ದರು. ಹೋಗುವಾಗ ಹೇಳಿದ್ದು ಇಷ್ಟೇ: "ಸಿ.ಡಬ್ಲ್ಯು.2 ಬಂದರೆ ಕೂರಿಸು. ನೀರು ಕೊಡು. ಬಂದಿದ್ದಾರೆ ಅಂತ ನನಗೆ ಚೀಟಿ ಕಳಿಸು."

ಕೂರಿಸುವುದಕ್ಕೆ ಜಾಗವಾದರೂ ಎಲ್ಲಿತ್ತು? ಸಾಕ್ಷಿಗಳಿಗೆ ಅಂತ ಒಂದು ಕೋಣೆ ಇಲ್ಲ. ಕಾರಿಡಾರಿನಲ್ಲಿ ಒಂದೇ ಬೆಂಚು. ಹೊಡೆದವನು ಒಂದು ತುದಿ, ಹೊಡೆಸಿಕೊಂಡವರು ಇನ್ನೊಂದು ತುದಿ. ಇದನ್ನು ನಾನು ದಿನಾ ನೋಡಿದೆ. ದಿನಾ ಹೊಟ್ಟೆ ಉರಿಯಿತು. ಅಜ್ಜಿಯನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ನೀರು ಕೊಟ್ಟೆ. "ಯಾವಾಗ ಆಗಿದ್ದು ಅಜ್ಜಿ, ನೆನಪಿದ್ಯಾ?" ಅಂದೆ.

"ನಮ್ಮೆಜಮಾನ್ರು ಓದ ವರ್ಸ ಕಣ್ ಮಗಾ. ರಾಗಿ ಕುಯ್ಯೋ ಒತ್ನಲ್ಲಿ."

ನನಗೆ ಎದೆ ಧಸಕ್ ಅಂತು. ತಾರೀಖು ಇಲ್ಲ, ಗಂಟೆ ಇಲ್ಲ. ಇವರೂ ಕೈಕೊಟ್ಟರೆ ಕೇಸು ಬಿತ್ತು. ಅಜ್ಜಿ ಇನ್ನೂ ಏನೋ ಹೇಳುತ್ತಿದ್ದರು. ಅವನು ಬದುವಿನ ಮೇಲೆ ನಿಂತು ಅಂದ ಮಾತು. "ಗಂಡನ್ನ ನುಂಗ್ಕಂಡೋಳು, ಈಗ ನಮ್ ಬದಾನೂ ನುಂಗಾಕ್ ಬಂದವ್ಳೆ ಅಂದ ಕಣವ್ವ." ನಾನು ಫೈಲು ತಿರುವಿದೆ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ, ಸಿಆರ್‌ಪಿಸಿ 161ರ ಹೇಳಿಕೆಯಲ್ಲಿ ಆ ಮಾತು ಇರಲಿಲ್ಲ. "ಅಜ್ಜಿ, ಅದೆಲ್ಲ ಬೇಡ. ಇದರಲ್ಲಿ ಹೇಗಿದೆಯೋ ಹಾಗೇ ಹೇಳಿ" ಅಂತ ಹೇಳಿಕೆಯನ್ನು ಓದಿದೆ. ಒಂದು ಸಲ ಅಲ್ಲ, ಎರಡು ಸಲ. ಅಜ್ಜಿ ತಲೆ ಆಡಿಸುತ್ತಾ ತುಟಿಯಲ್ಲೇ ಹೇಳಿಕೊಂಡರು. ದೊಡ್ಡ ಕೆಲಸ ಮಾಡಿದೆ ಅಂತ ನಾನು ನಿಜವಾಗಿಯೂ ಅಂದುಕೊಂಡಿದ್ದೆ.

ಹನ್ನೆರಡೂಕಾಲಿಗೆ ಕೂಗಿದರು. ಪ್ರಮಾಣ ಆಯಿತು. ಮೇಡಂ ಮೆಲ್ಲಗೆ, "ಆವತ್ತು ಏನಾಯ್ತು ಹೇಳಿ" ಅಂದರು.

ಅಜ್ಜಿ ಒಂದೇ ಉಸಿರಿಗೆ ಶುರು ಮಾಡಿದರು. "ಸಂಜೆ ಸುಮಾರು ಐದೂವರೆ ಗಂಟೆ ಸಮಯದಲ್ಲಿ ಸದರಿ ಆರೋಪಿಯು ಏಕಾಏಕಿ ಬಂದು ಅವಾಚ್ಯ ಶಬ್ದಗಳಿಂದ ಬೈದು..."

ಟೈಪಿಸ್ಟ್ ಕೈ ನಿಲ್ಲಿಸಿ ತಲೆ ಎತ್ತಿದರು. ಮೇಡಂ ಒಂದು ಸಲ ಹಿಂದಿರುಗಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಅಯ್ಯೋ ಅನ್ನುವ ಹಾಗಿತ್ತು. ನನಗೆ ಅಲ್ಲೇ ಕೈಕಾಲು ತಣ್ಣಗಾಯಿತು.

ಆರೋಪಿ ಪರ ಪಾಟಿ ಸವಾಲಿಗೆ ಎದ್ದ ವಕೀಲರು ಹಿರಿಯರು. ಗದರಲಿಲ್ಲ, ದನಿ ಏರಿಸಲಿಲ್ಲ.

"ಎಷ್ಟು ಓದಿದ್ದೀರಮ್ಮಾ?"

"ಓದಿಲ್ಲ ಸ್ವಾಮಿ. ಎಬ್ಬೆಟ್ಟು."

"ಅವಾಚ್ಯ ಅಂದ್ರೆ ಏನಮ್ಮಾ?"

ಅಜ್ಜಿ ಸುಮ್ಮನಾದರು. ಸಾಕ್ಷಿಕಟ್ಟೆಯ ಮರದ ಪಟ್ಟಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ನಿಂತರು. ಆ ಬೆರಳು ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಎದ್ದು ನಿಂತು ತಪ್ಪು ನನ್ನದು ಅನ್ನಬೇಕು ಅನ್ನಿಸಿತು. ಎದ್ದು ನಿಲ್ಲುವ ಹಕ್ಕೇ ನನಗೆ ಅಲ್ಲಿ ಇರಲಿಲ್ಲ.

"ಈ ಮಾತೆಲ್ಲ ಯಾರು ಹೇಳಿಕೊಟ್ಟರು?"

ಅಜ್ಜಿ ಕೋರ್ಟ್ ಹಾಲ್ ಪೂರ್ತಿ ಕಣ್ಣಾಡಿಸಿ ನನ್ನನ್ನು ಹುಡುಕಿ ಕೈ ತೋರಿಸಿದರು. "ಆ ಮಗ ಸ್ವಾಮಿ. ಎಲ್ಡು ಕಿತ ಓದೇಳ್ತು. ಬೋ ಒಳ್ಳೆ ಮಗ."

ಮ್ಯಾಜಿಸ್ಟ್ರೇಟರು ಬರೆಸಿದರು: "ಈ ದಿನ ನ್ಯಾಯಾಲಯದ ಹೊರಗೆ ನನ್ನ ಹೇಳಿಕೆಯನ್ನು ನನಗೆ ಓದಿ ಹೇಳಿದ್ದಾರೆ ಎಂದರೆ ಸರಿ. ಅದರಂತೆಯೇ ಸಾಕ್ಷಿ ನುಡಿದಿದ್ದೇನೆ ಎಂದರೆ ಸರಿ." ಮೂರು ವಾರದಲ್ಲಿ ಈ "ಎಂದರೆ ಸರಿ", "ಎಂದರೆ ಸರಿಯಲ್ಲ" ಎಷ್ಟು ಸಲ ಕಿವಿಗೆ ಬಿದ್ದಿತ್ತೋ ಲೆಕ್ಕವಿಲ್ಲ. ಕಚೇರಿಯ ಸದ್ದಿನ ಹಾಗೆ ಕೇಳಿಸಿಕೊಂಡು ಬಿಟ್ಟಿದ್ದೆ. ಆವತ್ತು ಮಾತ್ರ ಎರಡು ಸಲವೂ ಚುಚ್ಚಿತು.

ಮೇಡಂ ಮರುವಿಚಾರಣೆಗೆ ಎದ್ದರು. "ಈ ಹುಡುಗಿ ಓದಿ ಹೇಳುವ ಮುಂಚೆ ಆವತ್ತು ಆಗಿದ್ದು ಮರೆತುಹೋಗಿತ್ತಾ?"

"ಎಂಗ್ ಮರ್ತೀನವ್ವಾ?" ಅಜ್ಜಿ ಸೆರಗು ಸರಿಸಿ ಎಡಗೈ ಚಾಚಿದರು. ಮೊಣಕೈ ಕೆಳಗೆ ಕಾಯಿ ಕಟ್ಟಿದ ಹಾಗೆ ಉಬ್ಬಿದ ಗಾಯದ ಗುರುತು. ಬೆಳಿಗ್ಗೆ ಪಕ್ಕದಲ್ಲೇ ಕೂತಿದ್ದರೂ ನಾನು ಅದನ್ನು ನೋಡಿರಲಿಲ್ಲ, ಕಾಗದ ನೋಡುತ್ತಿದ್ದೆ. ಆಮೇಲೆ ಆ ಮಾತು ಬಂತು, ಅದೇ ದನಿಯಲ್ಲಿ. "ಗಂಡನ್ನ ನುಂಗ್ಕಂಡೋಳು ಅಂದ ಸ್ವಾಮಿ." ಹಾಲ್‌ನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಹಿರಿಯ ವಕೀಲರು ಎದ್ದು, ಇದು ಹೊಸ ವಿಷಯ, ಪಾಟಿ ಸವಾಲಿನಿಂದ ಬಂದದ್ದಲ್ಲ ಅಂತ ಆಕ್ಷೇಪಿಸಿದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿ. "ಘಟನೆ ನನಗೆ ಮರೆತಿರಲಿಲ್ಲ" ಅಂತ ಮಾತ್ರ ದಾಖಲಾಯಿತು.

ಹೊರಗೆ ಬಂದ ಅಜ್ಜಿ ನನ್ನ ಮುಖ ನೋಡಿ, "ನಾನೇನಾರ ತಪ್ಪಾಗಿ ಯೋಳ್ಬುಟ್ನಾ ಮಗಾ?" ಅಂದರು. "ಇಲ್ಲ ಅಜ್ಜಿ, ತಪ್ಪು ನಂದು" ಅಂದೆ. ಅವರಿಗೆ ಅರ್ಥ ಆಗಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಸಂಜೆ ಮೇಡಂ ಆ ಹೇಳಿಕೆಯನ್ನು ನನ್ನ ಮುಂದೆ ಇಟ್ಟರು. "ಇದಕ್ಕೆ ಸಾಕ್ಷಿಯ ಸಹಿ ಹಾಕಿಸಬಾರದು ಅಂತ 162ರಲ್ಲಿ ಇದೆ, ಪರೀಕ್ಷೆಗೆ ಓದಿರ್ತೀಯ. ಯಾಕೆ ಅಂತ ಯೋಚನೆ ಮಾಡಿದ್ಯಾ? ಇದು ಅಜ್ಜಿ ಮಾತಲ್ಲ, ಸ್ಟೇಷನ್ ರೈಟರ್ ಮಾತು. ಅಜ್ಜಿ ತಮ್ಮ ಮಾತಲ್ಲೇ ಹೇಳಿದ್ದರೆ, ಹೇಳಿಕೆಯಲ್ಲಿ ಇದು ಯಾಕಿಲ್ಲ ಅಂತ ಆ ವಕೀಲರು ಕೇಳೋರು. ಕೇಳಲಿ. ಬರೆದುಕೊಳ್ಳದೆ ಬಿಟ್ಟವರು ತನಿಖೆ ಮಾಡಿದ ಐ.ಓ., ಅದಕ್ಕೆ ಉತ್ತರ ಕೊಡಬೇಕಾದವರೂ ಅವರೇ." ತಾರೀಖಿನ ಬಗ್ಗೆ ಕೇಳಿದೆ. "ರಾಗಿ ಕೊಯ್ಲಿಗಿಂತ ದೊಡ್ಡ ತಾರೀಖು ಬೇಕಾ ಆ ಊರಿಗೆ?" ಅಂದರು.

ಮೇಡಂ ಅವರನ್ನು ದೂರುವ ಮನಸ್ಸು ನನಗಿಲ್ಲ. ಆ ದಿನದ ಲಿಸ್ಟಿನಲ್ಲಿ 60ರ ಮೇಲೆ ಕೇಸು, ಇದ್ದದ್ದು ಒಬ್ಬರೇ ಎಪಿಪಿ. ಒಬ್ಬ ಗುಮಾಸ್ತ ಇಲ್ಲ, ಜೆರಾಕ್ಸಿಗೂ ರಸ್ತೆ ದಾಟಬೇಕು. ಸಾಕ್ಷಿ ಜೊತೆ ಕೂತು ಐದು ನಿಮಿಷ ಮಾತಾಡುವ ಬಿಡುವು ಯಾರಿಗಿದೆ? ಆ ಜಾಗದಲ್ಲಿ ನನ್ನಂಥ ಓದುವ ಹುಡುಗಿ ನಿಂತಿರುತ್ತಾಳೆ. ಇದು ಸರಿಯಲ್ಲ ಅಂತ ನನಗೆ ಈಗಲೂ ಅನ್ನಿಸುತ್ತೆ.

ಕೊನೆಯ ವಾರ ನಾನು ಸಾಕ್ಷಿಗಳಿಗೆ ಮೂರೇ ಮಾತು ಹೇಳಿದೆ. ಯಾರು ಯಾರು ಪ್ರಶ್ನೆ ಕೇಳ್ತಾರೆ, ಎಲ್ಲಿ ನಿಲ್ಲಬೇಕು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬಹುದು. ಫೈಲು ಒಳಗೇ ಇರುತ್ತಿತ್ತು.

ಕೆಲವು ತಿಂಗಳಾದ ಮೇಲೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ ಹಾಕಿ ನೋಡಿದೆ. ಖುಲಾಸೆ. ತೀರ್ಪಿನಲ್ಲಿ ಅಜ್ಜಿಯ ಬಗ್ಗೆ ಒಂದು ಪ್ಯಾರಾ ಇದೆ, ಹೇಳಿಕೆ ಓದಿಸಿಕೊಂಡು ನುಡಿದ ಸಾಕ್ಷ್ಯ ಅಂತ. ಬದುವಿನ ಮೇಲೆ ನಿಂತು ಅವನು ಅಂದ ಮಾತು ಆ ತೀರ್ಪಿನಲ್ಲಿ ಎಲ್ಲೂ ಇಲ್ಲ. ಕಾಲೇಜಿಗೆ ಕೊಡಬೇಕಿದ್ದ ಇಂಟರ್ನ್‌ಶಿಪ್ ಡೈರಿಯಲ್ಲಿ, ಆ ದಿನದ ಪುಟದಲ್ಲಿ, ಅದನ್ನು ಅಜ್ಜಿ ಹೇಳಿದ ಹಾಗೇ ಬರೆದಿದ್ದೇನೆ.