ವೈನ್ ಮಾರುವವರಿಗೆ ಅದರ ನೆಲ ಗೊತ್ತಿರಬೇಕು

ಪಣಜಿಯ ಹೋಟೆಲೊಂದರಲ್ಲಿ ಬಾರ್ ಮತ್ತು ವೈನ್ ನನ್ನ ಜವಾಬ್ದಾರಿ. ನಮ್ಮ ಪಟ್ಟಿಯಲ್ಲೇ ದುಬಾರಿ ಬಾಟಲಿ ಪೋರ್ಚುಗಲ್ಲಿನ ಕ್ವಿಂಟಾ ಡೊ ವೆಸುವಿಯೊ ತೋಟದ್ದು, 2000ದ ವಿಂಟೇಜ್ ಪೋರ್ಟ್, ಅಂದರೆ ಆ ಒಂದೇ ವರ್ಷದ ಬೆಳೆಯಿಂದ ಮಾಡಿದ ಸಿಹಿ, ಗಟ್ಟಿ ವೈನ್. ಅದನ್ನು ಇಟ್ಟಿದ್ದು ಬ್ಯಾಕ್ ಬಾರ್ ಶೆಲ್ಫಿನಲ್ಲಿ, ಲೈಟಿನ ಕೆಳಗೆ, ನೆಟ್ಟಗೆ ನಿಲ್ಲಿಸಿ. ಗೆಸ್ಟ್ ಕಣ್ಣಿಗೆ ಬೀಳಬೇಕು ಅಂತ ಎಫ್ ಅಂಡ್ ಬಿ (ಊಟ-ಪಾನೀಯ ವಿಭಾಗದ) ಮ್ಯಾನೇಜರ್ ಆರ್ಡರ್. ಮಲಗಿಸಿ ಇಡೋಣ, ಕಾರ್ಕ್ ಒಣಗುತ್ತೆ ಅಂತ ಎಷ್ಟೋ ಸಲ ಹೇಳಿದ್ದೆ. ತಂಪಿನಲ್ಲಿಡೋಣ ಅಂದರೆ ಚಿಲ್ಲರ್ ತುಂಬಾ ಬಿಯರ್.

ಒಂದು ಶನಿವಾರ ರಾತ್ರಿ, ಫುಲ್ ಹೌಸ್. ಬೆಳಗಾವಿಯ ಒಂದು ಕುಟುಂಬ ಹಿರಿಯರ ಮದುವೆಯ ವಾರ್ಷಿಕೋತ್ಸವಕ್ಕೆ ಬಂದಿತ್ತು. ಊಟ ಮುಗಿಸಿ ಅದೇ ಬಾಟಲಿ ಕೇಳಿದರು.

ಸ್ಕ್ರೂ ಹಾಕಿ ಎಳೆದೆ. ಅರ್ಧ ಕಾರ್ಕ್ ಕೈಗೆ ಬಂತು, ಉಳಿದರ್ಧ ಕತ್ತಿನಲ್ಲೇ ಪುಡಿಯಾಯಿತು. ಹಳೇ ಕಾರ್ಕನ್ನು ಎರಡು ಅಲಗಿನ ನಡುವೆ ಹಿಡಿದು ತೆಗೆಯುವ ಆ-ಸೋ ಬೇಕು ಅಂತ ಹಿಂದೆಯೇ ಕೇಳಿದ್ದೆ, ಪರ್ಚೇಸ್‌ನವರು ಕೊಡಿಸಿರಲಿಲ್ಲ. ಕಿಚನ್‌ನಿಂದ ಮಲ್ಮಲ್ ಬಟ್ಟೆ ತರಿಸಿ, ಡಿಕ್ಯಾಂಟರ್ ಎಂಬ ಗಾಜಿನ ಹೂಜಿಯ ಬಾಯಿಗೆ ಕಟ್ಟಿ, ಮೇಣದ ಬತ್ತಿ ಬೆಳಕಿನಲ್ಲಿ ಬಗ್ಗಿಸತೊಡಗಿದೆ. ತಳದ ಗಷ್ಟು ಬಾಟಲಿಯ ಕತ್ತಿಗೆ ಬರುವ ಮೊದಲೇ ನಿಲ್ಲಿಸಬೇಕು. ಕೈ ಸ್ವಲ್ಪ ಅಲುಗಿದರೂ ಎಲ್ಲಾ ಕಲಕಿಹೋಗುತ್ತದೆ. ಇಡೀ ಮೇಜು ನನ್ನ ಕೈಯನ್ನೇ ನೋಡುತ್ತಿತ್ತು.

ಅಷ್ಟರಲ್ಲಿ ಹಿರಿಯರು ಕೇಳಿದರು, "ಇಲ್ಲಿ ಅಂಗಡ್ಯಾಗೂ ಪೋರ್ಟ್ ವೈನ್ ಸಿಗ್ತದಲ್ಲ, ಅದಕ್ಕೂ ಇದಕ್ಕೂ ಏನ್ ಫರಕ್ ರೀ?"

ನಮ್ಮ ಕ್ಯಾಪ್ಟನ್ ಟ್ರೇನಿಂಗ್ ಶೀಟಿನಲ್ಲಿ ಇದ್ದದ್ದನ್ನು ಒಪ್ಪಿಸಿದ. ಪ್ಲಮ್, ಡಾರ್ಕ್ ಚಾಕೊಲೇಟ್, ವಯೊಲೆಟ್ ಹೂವು. "ಅದು ರುಚಿ ಆತು. ಯಾಕ ಹಂಗ ಅಂತ ಕೇಳಿದ್ದು ನಾ," ಅಂದರು ಹಿರಿಯರು. ಕ್ಯಾಪ್ಟನ್ ಸುಮ್ಮನಾದ. ನನಗೆ ಬಾಟಲಿಯಿಂದ ಕಣ್ಣು ತೆಗೆಯುವಂತಿರಲಿಲ್ಲ.

ನೀರಿನ ಜಗ್ ಹಿಡಿದು ನಿಂತಿದ್ದ ಟ್ರೇನಿ ಹುಡುಗ ಬಾಯಿಬಿಟ್ಟ. ಅವನು ವಿಜಯಪುರದ ತಿಕೋಟಾ ಕಡೆಯವನು. ಮನೆಯಲ್ಲಿ ದ್ರಾಕ್ಷಿ ಪಡ ಇದೆ. ಶಿಫ್ಟ್ ಮುಗಿದ ಮೇಲೆ ನನ್ನ ಹತ್ತಿರ ಕೂತು ಪೋರ್ಚುಗಲ್ಲಿನ ಡೌರೊ ಕಣಿವೆಯ ಬಗ್ಗೆ ಕೇಳುತ್ತಿದ್ದ.

"ಅಲ್ಲಿ ಮಣ್ಣು ಅನ್ನೋದು ಭಾಳ ಕಮ್ಮಿರಿ. ಪದರ ಪದರ ಕಲ್ಲು. ಬೇರು ಆ ಬಿರುಕಿನಾಗ ಇಳದು ನೀರು ಹುಡುಕಬೇಕ್ರಿ. ನಮ್ಮ ಪಡಕ್ಕ ಡ್ರಿಪ್ ಕಮ್ಮಿ ಮಾಡಿದ್ರ ಕಾಳು ಸಣ್ಣ ಆಗ್ತಾವ, ರುಚಿ ಗಟ್ಟಿ ಆಗ್ತದ. ಅಲ್ಲಿ ಆ ಕೆಲಸ ಭೂಮಿನೇ ಮಾಡ್ತದ್ರಿ. ಮತ್ತ ನಮ್ಮಲ್ಲಿ ಬಳ್ಳಿ ಮಲಗೂದೇ ಇಲ್ಲ, ವರ್ಷಕ್ಕ ಎರಡು ಚಾಟ್ನಿ, ಅಂದ್ರ ಬಳ್ಳಿ ಕತ್ತರಿಸೂದು. ಅಲ್ಲಿ ಚಳಿಗಾಲಕ್ಕ ಮಲಗ್ತದ, ಒಂದೇ ಚಾಟ್ನಿ."

ಹಿರಿಯರು ಕುರ್ಚಿ ಅವನ ಕಡೆ ತಿರುಗಿಸಿದರು. ಅವರಿಗೂ ಜಮೀನಿತ್ತು.

ಡಿಕ್ಯಾಂಟ್ ಮುಗಿಸಿ ನಾನೂ ಸೇರಿಕೊಂಡೆ. ಗೋವಾದ ಪೋರ್ಟ್‌ಗೆ ಹೆಚ್ಚಾಗಿ ಬಳಸುವುದು ನಮ್ಮ ಬೆಂಗಳೂರು ಬ್ಲೂ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ದ್ರಾಕ್ಷಿ. ಅಲ್ಲಿ ಚಳಿ ಅಷ್ಟಿಲ್ಲ, ವರ್ಷಕ್ಕೆ ಎರಡು ಬೆಳೆ ಬರುತ್ತದೆ. ಆ ಘಮ ಅದರದ್ದೇ, ಕೀಳು ಅಂತೇನೂ ಅಲ್ಲ. ಡೌರೊದ ಕಥೆ ಬೇರೆ. ಅಟ್ಲಾಂಟಿಕ್‌ನಿಂದ ಬರುವ ಮಳೆಯನ್ನು ಮರಾವ್ ಬೆಟ್ಟಸಾಲು ತಡೆಯುತ್ತದೆ. ಪೂರ್ವಕ್ಕೆ ಹೋದಷ್ಟೂ ಮಳೆ ಕಡಿಮೆ, ಬಿಸಿಲು ಜಾಸ್ತಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ವೆಸುವಿಯೊ ಇರುವುದು ಆ ಪೂರ್ವದ ಭಾಗದಲ್ಲೇ, ನದಿಯ ದಕ್ಷಿಣ ದಂಡೆಯಲ್ಲಿ. ಅದರ ಇಳಿಜಾರು ಹೆಚ್ಚಾಗಿ ಉತ್ತರಕ್ಕೆ ಮುಖ ಮಾಡಿದೆ. ಹಾಗಾಗಿ ಬಿಸಿಲಿನ ಪೆಟ್ಟು ಸ್ವಲ್ಪ ಕಡಿಮೆ. ಕೆಳಗೆ ನದಿಯ ಹತ್ತಿರ ಬೇಗ ಹಣ್ಣಾಗುತ್ತದೆ, ಮೇಲೆ ತಂಪಿನಲ್ಲಿ ನಿಧಾನ. ಒಂದೇ ತೋಟದಲ್ಲಿ ಸಿಹಿಯೂ ಸಿಗುತ್ತದೆ, ಹುಳಿಯೂ ಉಳಿಯುತ್ತದೆ.

ಫೆರೇರಾ ಮನೆತನ 1820ರ ದಶಕದಲ್ಲಿ ಬೆಟ್ಟ ಕಡಿದು ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ತೋಟ ಅದು. ಆಮೇಲೆ ಡೋನಾ ಅಂತೋನಿಯಾ ಫೆರೇರಾ ಎಂಬ ಹೆಣ್ಣುಮಗಳು ದೊಡ್ಡ ಹೆಸರು ತಂದಳು. 1989ರಲ್ಲಿ ಸಿಮಿಂಗ್ಟನ್ ಕುಟುಂಬ ಕೊಂಡಿತು. ಕಲ್ಲಿನ ತೊಟ್ಟಿಯಲ್ಲಿ ಕಾಲಿನಿಂದ ದ್ರಾಕ್ಷಿ ತುಳಿಯುವುದನ್ನು ಅವರೂ ಬಿಟ್ಟಿಲ್ಲ.

ವೈನ್ ಕೆಟ್ಟಿರಲಿಲ್ಲ. ಆದರೆ ಹಣ್ಣಿನ ರುಚಿ ಸೊರಗಿತ್ತು. ನನಗೆ ಗೊತ್ತಾಯಿತು, ಅವರಿಗೆ ಗೊತ್ತಾಗಲಿಲ್ಲ. ಅದು ಇನ್ನೂ ಚುಚ್ಚುತ್ತದೆ. ಡೌರೊದವರು ಶತಮಾನಗಳ ಕಾಲ ಪೋರ್ಟನ್ನು ತಮ್ಮ ಕಣಿವೆಯಲ್ಲೇ ಹಳೆಯದಾಗಲು ಬಿಡುತ್ತಿರಲಿಲ್ಲ. ಅಲ್ಲಿನ ಸೆಕೆ ತಡೆಯದು ಅಂತ ಪೀಪಾಯಿಗಳನ್ನು ದೋಣಿಯಲ್ಲಿ ಸಮುದ್ರದ ಹತ್ತಿರದ ವಿಲಾ ನೋವಾ ಡೆ ಗಾಯಾಕ್ಕೆ ಸಾಗಿಸುತ್ತಿದ್ದರು. ಬೆಳೆದವರೇ ತಮ್ಮ ಊರಿನ ಬಿಸಿಲಿಗೆ ಇಷ್ಟು ಹೆದರಿದ್ದಾರೆ. ನಾವು ಅದೇ ವೈನನ್ನು ಗೋವಾದ ಮೇ ತಿಂಗಳಲ್ಲಿ ಬಲ್ಬಿನ ಕೆಳಗೆ ನಿಲ್ಲಿಸುತ್ತೇವೆ!

ಮರುದಿನ ಬ್ರೀಫಿಂಗ್‌ನಲ್ಲಿ ಮ್ಯಾನೇಜರ್‌ಗೆ ಇದ್ದದ್ದು ಒಂದೇ ದೂರು. ಟ್ರೇನಿ ಗೆಸ್ಟ್ ಹತ್ತಿರ ಅಷ್ಟು ಮಾತಾಡಬಾರದಿತ್ತು, ಟೇಬಲ್ ಟರ್ನ್ ಆಗಲಿಲ್ಲ, ಅಂದರೆ ಮುಂದಿನ ಗೆಸ್ಟ್‌ಗೆ ಮೇಜು ಖಾಲಿಯಾಗಲಿಲ್ಲ. ನಾನು ಒಪ್ಪಲಿಲ್ಲ. ಆ ಮೇಜಿನಲ್ಲಿ ಅತಿ ಒಳ್ಳೆಯ ಸರ್ವಿಸ್ ಕೊಟ್ಟವನು ಅವನೇ ಅಂತ ಎಲ್ಲರ ಮುಂದೆ ಹೇಳಿದೆ. ಪ್ಲಮ್, ಚಾಕೊಲೇಟ್ ಅಂತ ಬಾಯಿಪಾಠ ಮಾಡಿಸುವುದು ನಮ್ಮ ಟ್ರೇನಿಂಗ್‌ನ ದೊಡ್ಡ ಕೊರತೆ. ಮಳೆ ಎಷ್ಟು, ಇಳಿಜಾರು ಯಾವ ಕಡೆ, ಬೇರು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿದ್ದರೆ ರುಚಿ ತಾನಾಗಿ ವಿವರಿಸಬಹುದು, ಅಲ್ವಾ?

ಈಗ ನನ್ನ ಬ್ರೀಫಿಂಗ್‌ನಲ್ಲಿ ಮೊದಲು ಗೋಡೆಯ ಮೇಲಿನ ನಕ್ಷೆ, ಆಮೇಲೆ ಗ್ಲಾಸ್. ವಾರಕ್ಕೊಮ್ಮೆ ತಿಕೋಟಾದ ಹುಡುಗನೇ ಮಾತಾಡುತ್ತಾನೆ. ವೈನ್ ಚಿಲ್ಲರ್‌ನ ಇಂಡೆಂಟ್ (ಖರೀದಿ ಬೇಡಿಕೆ) ಇನ್ನೂ ಪಾಸಾಗಿಲ್ಲ. ಅದು ಬರುವವರೆಗೆ ಹೊಸ ವಿಂಟೇಜ್ ಪೋರ್ಟ್ ತರಿಸುವ ಯಾವ ಕಾಗದಕ್ಕೂ ನಾನು ಸಹಿ ಹಾಕುವುದಿಲ್ಲ ಅಂತ ಬರೆದುಕೊಟ್ಟಿದ್ದೇನೆ.